ಪೋರ್ಟ್ ಆಫ್ ಸ್ಪೇನ್ ಸಿಟಿ ಟೂರ್: ಬೆಳಿಗ್ಗೆಗೆ ಪೂರ್ತಿ ಅಂಕ, ಮಧ್ಯಾಹ್ನಕ್ಕೆ ಅರ್ಧ

ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪಕ್ಕೆ ಬರುವ ನಮ್ಮ ಕಡೆಯವರು ಕಡಿಮೆ. ಬಂದರೂ ಗ್ಯಾಸ್ ಕಂಪನಿ ಕೆಲಸಕ್ಕೆ, ಇಲ್ಲಾ ಹಡಗಿನ ಡ್ಯೂಟಿಗೆ. ರಾಜಧಾನಿ ಪೋರ್ಟ್ ಆಫ್ ಸ್ಪೇನನ್ನು ಒಂದು ದಿನ ಗೈಡ್ ಜೊತೆ ನೋಡಬೇಕು ಅಂದಾಗ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದೆ, ಏನೂ ಸಿಗಲಿಲ್ಲ. ಅದಕ್ಕೇ ಈ ಬರಹ. ಮಗ ಪಾಯಿಂಟ್ ಲಿಸಾಸ್‌ನಲ್ಲಿ ಒಂದು ಅಮೋನಿಯಾ ಪ್ಲಾಂಟ್‌ನಲ್ಲಿದ್ದಾನೆ. ನಾನೂ ನಮ್ಮನೆಯವಳೂ ಅವನ ಮನೆಗೆ ಬಂದಿದ್ದೆವು. ಟೂರ್ ಅವನೇ ಬುಕ್ ಮಾಡಿಕೊಟ್ಟ. ಒಬ್ಬರಿಗೆ 80 ಅಮೆರಿಕನ್ ಡಾಲರ್. ವ್ಯಾನ್, ಗೈಡ್, ಮಧ್ಯಾಹ್ನದ ಊಟ ಎಲ್ಲ ಸೇರಿ.

ಕಂಪನಿಯ ಹೆಸರು ಬರೆಯುವುದಿಲ್ಲ. ಒಳ್ಳೆಯದು ಎಷ್ಟಿದೆಯೋ ದೂರೂ ಅಷ್ಟಿದೆ, ಸುಮ್ನೆ ಯಾರ ಹೊಟ್ಟೆಗೂ ಹೊಡೆಯುವುದು ಬೇಡ. ಇಲ್ಲಿ ಇಂಥ ಟೂರ್ ನಡೆಸುವವರು ಹಲವರಿದ್ದಾರೆ. ಯಾರ ಹತ್ತಿರ ಹೋದರೂ ಏನು ಕೇಳಬೇಕು, ಏನು ಬೇಡ ಅನ್ನಬೇಕು ಅಂತ ತಿಳಿದರೆ ಸಾಕಲ್ಲ.

ಇನ್ನೊಂದು ವಿಷಯ. ನಾನು ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಹೂಳೆತ್ತುವ ಕೆಲಸದ ಲೆಕ್ಕ ನೋಡಿಕೊಂಡೇ ನಿವೃತ್ತನಾದವನು. ಒಂದು ಊರಿಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ನೀರಿನ ಅಂಚಿಗೆ. ಅಳಿವೆ ಎಲ್ಲಿ, ಧಕ್ಕೆ ಎಲ್ಲಿ, ಹೂಳು ಎಲ್ಲಿಂದ ಬರುತ್ತದೆ, ಎಷ್ಟು ಸಮುದ್ರ ಮುಚ್ಚಿ ನೆಲ ಮಾಡಿದ್ದಾರೆ. ಬಂಗಲೆ, ಉದ್ಯಾನ ಎಲ್ಲ ಆಮೇಲೆ. ನಿಮಗೆ ಬಂಗಲೆಗಳೇ ಇಷ್ಟವಾದರೆ ನನ್ನ ಅಂಕಗಳನ್ನು ಉಲ್ಟಾ ಮಾಡಿ ಓದಿಕೊಳ್ಳಿ.

ವ್ಯಾನ್ ಬರುವುದು ಮುಕ್ಕಾಲು ಗಂಟೆ ತಡವಾಯಿತು. ಪಾಯಿಂಟ್ ಲಿಸಾಸ್ ಕಡೆಯಿಂದ ರಾಜಧಾನಿಗೆ ಬೆಳಿಗ್ಗೆ ಹೋಗುವ ಹೆದ್ದಾರಿ ಅಂದರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ ಅಂತ ಮಗ ಮೊದಲೇ ಹೇಳಿದ್ದ. ಆದರೆ ಅದು ಕಂಪನಿಯವರಿಗೆ ಗೊತ್ತಿಲ್ಲದ್ದೇನಲ್ಲವಲ್ಲ? ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಈ ಮುಕ್ಕಾಲು ಗಂಟೆ ಸಂಜೆ ಎಲ್ಲಿ ಹೊಡೆಯಿತು ಅನ್ನುವುದು ಮುಂದೆ ಬರುತ್ತದೆ.

ಗೈಡ್ ಐವತ್ತರ ಆಸುಪಾಸಿನ ಹೆಂಗಸು, ಹಿಂದೆ ಶಾಲೆಯಲ್ಲಿ ಚರಿತ್ರೆ ಟೀಚರ್ ಆಗಿದ್ದವರು. ದೊಡ್ಡ ಹ್ಯಾಟು, ದೊಡ್ಡ ಗಂಟಲು. ನನ್ನನ್ನು ‘ಅಂಕಲ್’ ಅಂದರು, ನಮ್ಮನೆಯವಳನ್ನು ‘ಆಂಟಿ’. ವಯಸ್ಸಿನಲ್ಲಿ ನಮಗೂ ಅವರಿಗೂ ದೊಡ್ಡ ಅಂತರವೇನಿಲ್ಲ, ಆದರೂ ಇಲ್ಲಿ ಭಾರತದ ಮುಖ ಕಂಡರೆ ಹಾಗೇ ಕರೆಯುತ್ತಾರಂತೆ. ಇಂಡಿಪೆಂಡೆನ್ಸ್ ಸ್ಕ್ವೇರ್‌ನಲ್ಲಿ ಇಳಿಸಿ, ಕ್ಯಾಥೊಲಿಕ್ ಕೆಥೆಡ್ರಲ್ ಮುಂದೆ ನಮ್ಮನ್ನು ನಿಲ್ಲಿಸಿದರು. ‘ಅಂಕಲ್, ಸಮುದ್ರ ಎಲ್ಲಿದೆ ತೋರಿಸಿ’ ಅಂದರು. ನಾನು ದಕ್ಷಿಣಕ್ಕೆ ಕೈ ಮಾಡಿದೆ. ಅಲ್ಲಿ ಕಟ್ಟಡಗಳ ಸಾಲು, ಅದರ ಹಿಂದೆ ರಸ್ತೆ, ಆಮೇಲೆ ಬಂದರಿನ ಕ್ರೇನುಗಳು. ‘ಈ ಚರ್ಚು ಕಟ್ಟುವಾಗ ಅಲೆ ಹೆಚ್ಚುಕಮ್ಮಿ ಇದರ ಬುಡಕ್ಕೇ ಬರುತ್ತಿತ್ತು’ ಅಂದರು. ಅಲ್ಲಿಗೆ ನನಗೆ ಈ ಟೂರ್ ಹಿಡಿಸಿತು.

ಏಕೆಂದರೆ ಈ ಊರಿನ ಕಥೆಯೇ ಅದು. ಪರಿಯಾ ಕೊಲ್ಲಿಯ ಮೂಲೆಯಲ್ಲಿ, ಗುಡ್ಡಸಾಲಿಗೂ ಕೆಸರು ದಂಡೆಗೂ ನಡುವೆ ಇದ್ದ ಸ್ವಲ್ಪ ಜಾಗ. ಸ್ಪೇನಿನವರು 1592ರಲ್ಲಿ ಕಟ್ಟಿದ ರಾಜಧಾನಿ ಇಲ್ಲಿರಲಿಲ್ಲ, ಒಳನಾಡಿನ ಸೇಂಟ್ ಜೋಸೆಫ್‌ನಲ್ಲಿತ್ತು. ದಂಡೆಯ ಮೇಲಿದ್ದರೆ ಕಡಲ್ಗಳ್ಳರ ಕಾಟ. ಒಳಗಿದ್ದರೂ ತಪ್ಪಲಿಲ್ಲ ಅನ್ನಿ. 1595ರಲ್ಲಿ ಇಂಗ್ಲೆಂಡಿನ ವಾಲ್ಟರ್ ರಾಲಿ ಬಂದು ಆ ಊರನ್ನು ಸುಟ್ಟುಹೋದ. ಅದಕ್ಕೂ ಮೊದಲು ದ್ವೀಪದ ದಕ್ಷಿಣದ ಡಾಂಬರು ಕೆರೆಯಿಂದ ತನ್ನ ಹಡಗುಗಳಿಗೆ ಡಾಂಬರು ಮೆತ್ತಿಸಿಕೊಂಡಿದ್ದ. 1757ರಲ್ಲಿ ಗವರ್ನರ್ ಪೆದ್ರೊ ದೆ ಲಾ ಮೊನೆದಾ ಒಳನಾಡಿನ ಊರು ಸಾಕು ಅಂತ ದಂಡೆಗೆ ಬಂದು ಕೂತ. ಆಗ ಇಲ್ಲಿದ್ದದ್ದು ಹೆಸರಿಗಷ್ಟೇ ಬಂದರು.

ಊರು ನಿಜವಾಗಿ ಬೆಳೆದದ್ದು 1783ರ ಆಮೇಲೆ. ಸ್ಪೇನಿನ ರಾಜ ಒಂದು ಆಜ್ಞೆ ಹೊರಡಿಸಿದ. ಕ್ಯಾಥೊಲಿಕರಾಗಿರಬೇಕು, ರಾಜನಿಗೆ ನಿಷ್ಠರಾಗಿರಬೇಕು, ಅಷ್ಟಾದರೆ ಭೂಮಿ ಕೊಡುತ್ತೇನೆ ಅಂತ. ಎಷ್ಟು ಗುಲಾಮರನ್ನು ತರುತ್ತೀರೋ ಅದಕ್ಕೆ ತಕ್ಕ ಹಾಗೆ ಇನ್ನಷ್ಟು ಭೂಮಿ. ಸುತ್ತಲಿನ ದ್ವೀಪಗಳಿಂದ ಫ್ರೆಂಚ್ ಮಾತಾಡುವ ತೋಟದ ಮಾಲೀಕರು ಗುಲಾಮರ ಸಮೇತ ಬಂದರು. ಬಿಳಿಯರಲ್ಲದ ಸ್ವತಂತ್ರರಿಗೂ ಭೂಮಿ ಸಿಕ್ಕಿತು, ಆದರೆ ಅರ್ಧ. ಆಳುವವರು ಸ್ಪೇನಿನವರು, ಬೀದಿಯಲ್ಲಿ ಕೇಳುವುದು ಪತ್ವಾ ಅನ್ನುವ ಬೆರಕೆ ಫ್ರೆಂಚ್. 1797ರ ಫೆಬ್ರವರಿಯಲ್ಲಿ ಬ್ರಿಟಿಷರು ಹಡಗು ತಂದು ನಿಲ್ಲಿಸಿದಾಗ ಸ್ಪೇನಿನವರು ಚಾಗುವರಾಮಸ್ ಕೊಲ್ಲಿಯಲ್ಲಿದ್ದ ತಮ್ಮ ಹಡಗುಗಳಿಗೆ ತಾವೇ ಬೆಂಕಿ ಹಚ್ಚಿದರು. ಗವರ್ನರ್ ಚಾಕೊನ್ ದೊಡ್ಡ ಕಾಳಗವಿಲ್ಲದೆ ಶರಣಾದ. ಗೈಡಮ್ಮ ಇದನ್ನೆಲ್ಲ ಹೇಳಿದ್ದು ನಡೆಯುತ್ತಾ, ಟ್ರಾಫಿಕ್ ಸದ್ದನ್ನೂ ಮೀರಿಸಿ. ಹಾಳೆ ನೋಡಿ ಓದುವ ಜಾತಿಯಲ್ಲ.

ಅಲ್ಲಿಂದ ಸೌತ್ ಕೀ ರಸ್ತೆ. ನನ್ನ ಮಟ್ಟಿಗೆ ಇಡೀ ದಿನದ ಹಣ ವಸೂಲಾದ ಜಾಗ ಇದು. ರಸ್ತೆ ಬದಿಯಲ್ಲಿ ಸ್ಯಾನ್ ಆಂಡ್ರೆಸ್ ಅಂತ ಒಂದು ಪುಟ್ಟ ಕೋಟೆಯಿದೆ, ಮುಂದೆ ಫಿರಂಗಿಗಳು. ಪಕ್ಕದಲ್ಲೇ ಬಸ್ಸು, ವ್ಯಾನು, ಹಾರ್ನು. ಕೋಟೆ ಅಂದರೆ ಎತ್ತರದಲ್ಲಿರಬೇಕು, ಇಲ್ಲಾ ನೀರಿನ ಬಾಯಲ್ಲಿರಬೇಕು. ಇದು ನಡುರಸ್ತೆಯಲ್ಲಿ ಏನು ಮಾಡುತ್ತಿದೆ ಅಂತ ನಮ್ಮನೆಯವಳು ಕೇಳಿದಳು. ಸರಿಯಾದ ಪ್ರಶ್ನೆ. 1780ರ ದಶಕದಲ್ಲಿ ಕಟ್ಟುವಾಗ ಇದು ದಂಡೆಯಿಂದ ದೂರ ಸಮುದ್ರದೊಳಗಿತ್ತು. ದಡದಿಂದ ಅಲ್ಲಿಗೆ ಒಂದು ಕಟ್ಟೆದಾರಿ. ಕೋಟೆ ಇದ್ದಲ್ಲೇ ಇದೆ, ಸಮುದ್ರವನ್ನೇ ಮುಚ್ಚುತ್ತಾ ಹೋದರು. ಹತ್ತಿರದಲ್ಲೇ ಹಳೇ ದೀಪಸ್ತಂಭ ಒಂದಿದೆ, ಅದೂ ರಸ್ತೆ ನಡುವೆ, ಸ್ವಲ್ಪ ವಾಲಿಕೊಂಡು. ತುಂಬಿದ ನೆಲದ ಮೇಲೆ ಭಾರ ಹೇರಿದರೆ ಹಾಗೇ ಆಗುವುದು, ಮಾರಾಯ್ರೇ. ನಮ್ಮ ವೃತ್ತಿಯಲ್ಲಿ ಇದು ಮೊದಲ ಪಾಠ.

ಇಲ್ಲಿ ನಾನು ಗೈಡಮ್ಮನನ್ನು ಪ್ರಶ್ನೆ ಕೇಳಿ ಸಾಕಷ್ಟು ಗೋಳು ಹೊಯ್ದುಕೊಂಡೆ. ಬೇಸರ ಮಾಡಿಕೊಳ್ಳಲಿಲ್ಲ ಅವರು. ಬಂದರಿನ ಭೂಗೋಳ ಹೀಗಿದೆ. ಪರಿಯಾ ಕೊಲ್ಲಿಯನ್ನು ಒಂದು ಕಡೆ ಟ್ರಿನಿಡಾಡ್, ಇನ್ನೊಂದು ಕಡೆ ವೆನೆಜುವೆಲಾ ತಬ್ಬಿಕೊಂಡಿವೆ. ದ್ವೀಪದ ವಾಯವ್ಯ ತುದಿಯಿಂದ ದಕ್ಷಿಣ ಅಮೆರಿಕದ ನೆಲ ಹತ್ತಾರು ಕಿಲೋಮೀಟರ್‌ನೊಳಗೇ ಇದೆ. ಒಳಗೆ ನೀರು ಶಾಂತ. ಬಿರುಗಾಳಿಗಳು ಸಾಮಾನ್ಯವಾಗಿ ಉತ್ತರಕ್ಕೆ ಹಾದುಹೋಗುತ್ತವೆ, ಏಕೆಂದರೆ ಊರು ಇರುವುದು 10.6 ಡಿಗ್ರಿ ಅಕ್ಷಾಂಶದಲ್ಲಿ, ಹೆಚ್ಚುಕಮ್ಮಿ ತ್ರಿಶೂರಿನ ನೇರಕ್ಕೆ. ಇಷ್ಟು ಒಳ್ಳೆಯ ಆಸರೆ ಇರುವ ಕಡೆ ದೇವರು ಆಳ ಕೊಡುವುದಿಲ್ಲ ನೋಡಿ. ಕೊಲ್ಲಿ ಆಳವಿಲ್ಲ, ತಳವೆಲ್ಲ ಕೆಸರು. ಓರಿನೊಕೊ ನದಿಯ ನೀರು ದಕ್ಷಿಣದಿಂದ ಒಳಗೆ ಬರುತ್ತದೆ, ಮಳೆಗಾಲದಲ್ಲಿ ಸಮುದ್ರದ ಬಣ್ಣವೇ ಕಂದು. 1498ರಲ್ಲಿ ಇಲ್ಲಿ ತೇಲುತ್ತಿದ್ದ ಕೊಲಂಬಸ್ ಸಿಹಿನೀರು ಕಂಡು ಇಷ್ಟು ನೀರು ಬರಬೇಕಾದರೆ ಹತ್ತಿರದಲ್ಲಿ ದೊಡ್ಡ ಭೂಖಂಡವೇ ಇರಬೇಕು ಅಂತ ಊಹಿಸಿದ್ದ.

ಹಾಗಾಗಿ ನೂರಾರು ವರ್ಷ ದೊಡ್ಡ ಹಡಗುಗಳು ದೂರ ನಿಲ್ಲುತ್ತಿದ್ದವು, ಸಾಮಾನು ದೋಣಿಯಲ್ಲಿ ದಡಕ್ಕೆ. ಹಳೇ ಬಂದರಿನ ಕಾಲದ ಮಂಗಳೂರೂ ಹೀಗೇ ಇತ್ತು, ನೇತ್ರಾವತಿ–ಗುರುಪುರ ಅಳಿವೆಯ ಮರಳು ದಿಬ್ಬ ಹಡಗನ್ನು ಒಳಗೆ ಬಿಡುತ್ತಿರಲಿಲ್ಲ. ನಾವು ಕೊನೆಗೆ ಪಣಂಬೂರಿನಲ್ಲಿ ನೆಲ ಅಗೆದು ಬಂದರು ಮಾಡಿದೆವು. ಇವರು 1930ರ ದಶಕದಲ್ಲಿ ಕೊಲ್ಲಿಯ ತಳ ಅಗೆದು ಆಳದ ಧಕ್ಕೆ ಮಾಡಿದರು. ಅಗೆದ ಕೆಸರನ್ನು ದಂಡೆಗೆ ಹಾಕಿ ನೆಲ ಮಾಡಿದರು. ಆ ನೆಲದ ಮೇಲೆ ರೈಟ್‌ಸನ್ ರಸ್ತೆ ಓಡುತ್ತದೆ. ಈಗ ಅದರಾಚೆ ಗಾಜಿನ ಜೋಡಿ ಗೋಪುರಗಳು, ದೊಡ್ಡ ಹೋಟೆಲ್, ದೇಶದ ಇನ್ನೊಂದು ದ್ವೀಪ ಟೊಬೇಗೊಗೆ ಹೋಗುವ ಫೆರಿ. ಜೋರು ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ಡೌನ್‌ಟೌನ್ ಮುಳುಗುತ್ತದೆ ಅಂದರು ಗೈಡಮ್ಮ. ಮುಳುಗದೆ ಇನ್ನೇನು? ಚರಂಡಿಯ ಬಾಯಿಗಿಂತ ಸಮುದ್ರ ಮೇಲಿದ್ದರೆ ನೀರು ಹೋಗುವುದೆಲ್ಲಿಗೆ?

ಊರಿನ ನದಿಯ ಕಥೆ ಇನ್ನೂ ಚೆನ್ನಾಗಿದೆ. ಸೇಂಟ್ ಆನ್ಸ್ ಅನ್ನುವ ಸಣ್ಣ ಹೊಳೆ ಆಗ ಊರೊಳಗೇ, ಈಗಿನ ವುಡ್‌ಫೋರ್ಡ್ ಸ್ಕ್ವೇರ್ ಕಡೆಯಿಂದ ಸುತ್ತಿಕೊಂಡು ಹರಿಯುತ್ತಿತ್ತು. ಮಳೆ ಬಂದರೆ ನೆರೆ. 1787ರಲ್ಲಿ ಚಾಕೊನ್ ಗವರ್ನರ್ ಅದನ್ನು ಪೂರ್ವಕ್ಕೆ ತಿರುಗಿಸಿ ಲಾವೆಂಟಿಲ್ ಗುಡ್ಡದ ಬುಡಕ್ಕೆ ಓಡಿಸಿದ. ಊರಿಗೆ ಬೆಳೆಯಲು ಒಣ ನೆಲ ಸಿಕ್ಕಿತು. ಹೊಳೆ ಈಗ ಕಾಂಕ್ರೀಟ್ ಕಾಲುವೆ, ಜನ ಅದನ್ನು ಡ್ರೈ ರಿವರ್ ಅನ್ನುತ್ತಾರೆ. ವರ್ಷದ ಮೊದಲ ಐದು ತಿಂಗಳು ಹೆಸರಿಗೆ ತಕ್ಕ ಹಾಗೇ ಇರುತ್ತದಂತೆ. ನಾವು ಹೋದಾಗ ಒಂದು ಗೇಣು ನೀರು, ಎರಡು ಟಯರು.

ಆದರೆ ಆ ಕಾಲುವೆ ಊರನ್ನು ಎರಡು ಮಾಡಿತು. ಗುಲಾಮಗಿರಿ 1838ರಲ್ಲಿ ಪೂರ್ತಿ ಹೋದ ಮೇಲೆ ತೋಟ ಬಿಟ್ಟುಬಂದವರು ನೆಲೆ ಮಾಡಿಕೊಂಡದ್ದು ಹೊಳೆಯಾಚೆಯ ಗುಡ್ಡಗಳಲ್ಲಿ. ‘ಬಿಹೈಂಡ್ ದ ಬ್ರಿಡ್ಜ್’ ಅಂದರೆ ಇಂದಿಗೂ ಬಡವರ ಕಡೆ ಅಂತಲೇ ಅರ್ಥ. ಕಾರ್ನಿವಲ್ ಹೊತ್ತಲ್ಲಿ ಪಂಜು ಹಿಡಿದು, ಡೋಲು ಬಡಿದು ಬರುತ್ತಿದ್ದ ಅವರ ಮೆರವಣಿಗೆಗೆ 1881ರಲ್ಲಿ ಪೊಲೀಸರು ಅಡ್ಡ ನಿಂತರು, ಬೀದಿಯಲ್ಲೇ ದೊಡ್ಡ ಹೊಡೆದಾಟ ಆಯಿತು. ಆಮೇಲೆ ಡೋಲು ಬಾರಿಸುವುದಕ್ಕೇ ನಿಷೇಧ ಬಂತು. ಡೋಲಿಲ್ಲದಿದ್ದರೆ ಬಿದಿರು ಅಂತ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಬಿದಿರು ಸೀಳಿತು ಅಂತ ತಗಡಿನ ಡಬ್ಬಿ. ಕೊನೆಗೆ 1940ರ ದಶಕದಲ್ಲಿ ಎಣ್ಣೆ ಡ್ರಮ್ಮಿನ ತಳವನ್ನು ಬಡಿದು ತಗ್ಗು ಮಾಡಿ ಸ್ವರ ಹುಟ್ಟಿಸಿದರು. ಅದೇ ಸ್ಟೀಲ್‌ಪ್ಯಾನ್. ಎಣ್ಣೆ ತೆಗೆಯುವ ದೇಶ, ಜೊತೆಗೆ ಯುದ್ಧಕಾಲದ ಅಮೆರಿಕನ್ ನೌಕಾನೆಲೆ. ಡ್ರಮ್ಮಿಗೇನೂ ಬರವಿರಲಿಲ್ಲ.

ಇಷ್ಟು ಹೇಳಿದ ಗೈಡಮ್ಮ ನಮ್ಮನ್ನು ಸೇತುವೆಯ ಈಚೆಗೇ ನಿಲ್ಲಿಸಿದರು. ಆಚೆ ಕರೆದುಕೊಂಡು ಹೋಗಲು ಕಂಪನಿ ಬಿಡುವುದಿಲ್ಲವಂತೆ, ಇನ್ಶೂರೆನ್ಸ್ ತೊಂದರೆ. ಆ ಕಡೆ ಗ್ಯಾಂಗ್ ಗಲಾಟೆ ಇದೆ ಅನ್ನುವುದು ಸುಳ್ಳಲ್ಲ, ಮಗನೂ ಅದನ್ನೇ ಹೇಳುತ್ತಾನೆ. ಸರಿ, ಆಚೆ ಬೇಡ. ಆದರೆ ಈಚೆಯ ಷಾರ್ಲೆಟ್ ಬೀದಿಯಲ್ಲೇ ರೆನಿಗೇಡ್ಸ್ ಪ್ಯಾನ್‌ಯಾರ್ಡ್ ಇದೆಯಲ್ಲ? ಸ್ಟೀಲ್‌ಬ್ಯಾಂಡಿನವರು ಅಭ್ಯಾಸ ಮಾಡುವ ಅಂಗಳ ಅದು. ಹಗಲಲ್ಲಿ ಖಾಲಿ ಇರಬಹುದು, ಇಳಿದು ಡ್ರಮ್ಮುಗಳನ್ನಾದರೂ ನೋಡಬಹುದಿತ್ತು. ವ್ಯಾನಿನ ಕಿಟಕಿಯಿಂದ ತೋರಿಸಿ ಮುಗಿಸಿದರು. ಈ ಊರು ಲೋಕಕ್ಕೆ ಕೊಟ್ಟದ್ದರಲ್ಲಿ ದೊಡ್ಡದು ಆ ವಾದ್ಯ. ಅದಕ್ಕೆ ಕಿಟಕಿ ದರ್ಶನವಾ? ಇಲ್ಲಿ ಒಂದು ಅಂಕ ಕಡಿಮೆ ಮಾಡಿದ್ದೇನೆ.

ವುಡ್‌ಫೋರ್ಡ್ ಸ್ಕ್ವೇರ್‌ನಲ್ಲಿ ಮರದ ನೆರಳಿತ್ತು, ಬೆಂಚಿತ್ತು. ನಮ್ಮನೆಯವಳಿಗೆ ಮೊಣಕಾಲು ನೋವು, ಕೂತಳು. 1808ರಲ್ಲಿ ಮರದ ಮನೆಗಳ ಊರು ಹೆಚ್ಚುಕಮ್ಮಿ ಸುಟ್ಟುಹೋಗಿತ್ತು. 1813ರಲ್ಲಿ ಗವರ್ನರ್ ಆಗಿ ಬಂದ ವುಡ್‌ಫೋರ್ಡ್ ರಸ್ತೆ, ಚೌಕ, ಚರ್ಚು ಅಂತ ಹೊಸದಾಗಿ ಕಟ್ಟಿಸಿದ. ಮುಂದೆ ಮೊದಲ ಪ್ರಧಾನಿಯಾದ ಎರಿಕ್ ವಿಲಿಯಮ್ಸ್ 1955ರಿಂದ ಇದೇ ಚೌಕದಲ್ಲಿ ನಿಂತು ಜನರಿಗೆ ಚರಿತ್ರೆ, ರಾಜಕೀಯ ಪಾಠ ಮಾಡುತ್ತಿದ್ದರು. ವಿಶ್ವವಿದ್ಯಾಲಯ ಅಂತಲೇ ಅದಕ್ಕೆ ಹೆಸರಾಯಿತು. ದೇಶ ಸ್ವತಂತ್ರವಾದದ್ದು 1962ರ ಆಗಸ್ಟ್ 31ಕ್ಕೆ.

ಎದುರಿಗೇ ರೆಡ್ ಹೌಸ್, ಅಂದರೆ ಪಾರ್ಲಿಮೆಂಟು. ವಿಕ್ಟೋರಿಯಾ ರಾಣಿಯ 1897ರ ಜುಬಿಲಿಗೆ ಕೆಂಪು ಬಣ್ಣ ಬಳಿದರು, ಆ ಹೆಸರೇ ಉಳಿಯಿತು. ನನಗೆ ಖುಷಿ ಕೊಟ್ಟದ್ದು 1903ರ ಗಲಾಟೆ. ಖುಷಿ ಅನ್ನಬಾರದು, 16 ಜನ ಪೊಲೀಸ್ ಗುಂಡಿಗೆ ಸತ್ತರು. ಆದರೆ ಕಾರಣ ನೋಡಿ: ನೀರು! ಸರ್ಕಾರ ನೀರಿನ ದರ, ಮೀಟರ್ ಅಂತ ಹೊಸ ಕಾನೂನು ತರಲು ಹೊರಟಿತು. ಜನ ಚೌಕದಲ್ಲಿ ಸೇರಿದರು, ಕಲ್ಲು ತೂರಿದರು, ಕಟ್ಟಡಕ್ಕೇ ಬೆಂಕಿ ಬಿತ್ತು. ಈಗ ನಿಂತಿರುವುದು ಅದಾದ ಮೇಲೆ ಕಟ್ಟಿ 1907ರಲ್ಲಿ ತೆರೆದದ್ದು. ಬೀದಿಯಲ್ಲಿ ಜನರ ಜೊತೆ ಮಾತಾಡದೆ ಮೀಟರ್ ಕೂರಿಸಲು ಹೋದ ಎಂಜಿನಿಯರುಗಳ ಪಾಡು ನನಗೆ ಗೊತ್ತು. 1990ರ ಜುಲೈ 27ಕ್ಕೆ ಇದೇ ಕಟ್ಟಡಕ್ಕೆ ಬಂದೂಕುಧಾರಿಗಳ ಗುಂಪೊಂದು ನುಗ್ಗಿ ಪ್ರಧಾನಿ ರಾಬಿನ್ಸನ್ ಅವರನ್ನೇ ಒತ್ತೆಯಾಗಿ ಇಟ್ಟುಕೊಂಡಿತ್ತು. ಇತ್ತೀಚೆಗೆ ದುರಸ್ತಿಗೆ ಅಂತ ಅಗೆದಾಗ ತಳದಲ್ಲಿ ಯುರೋಪಿನವರು ಬರುವ ಮೊದಲಿನ ಮೂಲನಿವಾಸಿಗಳ ಮೂಳೆಗಳು ಸಿಕ್ಕವು. ಗೈಡಮ್ಮ ಇದನ್ನು ಹೇಳುವಾಗ ದನಿ ತಗ್ಗಿಸಿದರು. ದಿನದಲ್ಲಿ ಅವರ ದನಿ ತಗ್ಗಿದ್ದು ಅಲ್ಲಿ ಮಾತ್ರ.

ಇಷ್ಟು ಬೆಳಗಿನ ಭಾಗ. ಐದಕ್ಕೆ ಐದು ಕೊಡಬಹುದು, ಪ್ಯಾನ್‌ಯಾರ್ಡ್ ಒಂದು ಬಿಟ್ಟರೆ.

ಊಟಕ್ಕೆ ಸೇಂಟ್ ಜೇಮ್ಸ್‌ಗೆ ಹೋದೆವು, ಊರಿನ ಪಶ್ಚಿಮಕ್ಕೆ. ಹಿಂದೆ ಕಬ್ಬಿನ ತೋಟವಿದ್ದ ಜಾಗ. ಬೀದಿಗಳ ಹೆಸರು ನೋಡಿ ನಮ್ಮನೆಯವಳು ಕನ್ನಡಕ ಹಾಕಿಕೊಂಡಳು: ಕಲ್ಕತ್ತಾ ಬೀದಿ, ಬಾಂಬೆ ಬೀದಿ, ದೆಲ್ಲಿ, ಲಕ್ನೋ, ಬನಾರಸ್. ‘ಮಂಗಳೂರು ಎಲ್ಲಿ?’ ಅಂತ ಗೈಡಮ್ಮನನ್ನು ಕೇಳಿಯೇ ಬಿಟ್ಟಳು. 1845ರ ಮೇ 30ಕ್ಕೆ ಫತೆಲ್ ರಜಾಕ್ ಹಡಗು ಕಲ್ಕತ್ತಾದಿಂದ ಇನ್ನೂರು ಚಿಲ್ಲರೆ ಕೂಲಿಗಳನ್ನು ತಂದು ಇಳಿಸಿತು. ಆಮೇಲೆ 1917ರವರೆಗೆ ಬಂದವರು 1.4 ಲಕ್ಷಕ್ಕೂ ಜಾಸ್ತಿ. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಮದ್ರಾಸಿನಿಂದ ಹತ್ತಿದವರು ಸ್ವಲ್ಪ. ಹಾಗಾಗಿ ಇಲ್ಲಿನ ಅಡಿಗೆಗೆ ಭೋಜ್‌ಪುರಿ ಬೇರು.

ನಮ್ಮಂಥ ಸಸ್ಯಾಹಾರಿಗಳಿಗೆ ಈ ಊರು ಸ್ವರ್ಗ, ಇದನ್ನು ಯಾರೂ ಹೇಳಿರಲಿಲ್ಲ. ಟೂರ್‌ನವರು ಕರೆದುಕೊಂಡು ಹೋದ ರೊಟ್ಟಿ ಅಂಗಡಿಯಲ್ಲಿ ದಾಲ್‌ಪುರಿ ತಗೊಂಡೆವು. ಹೋಳಿಗೆಗೆ ಬೆಲ್ಲ ಬಿಟ್ಟು ಜೀರಿಗೆ ಹಾಕಿದರೆ ಹೇಗಿರುತ್ತದೋ ಹಾಗಿದೆ, ಹೊದಿಕೆಯೊಳಗೆ ಪುಡಿಪುಡಿ ಬೇಳೆ. ಅದರಲ್ಲಿ ಕಡಲೆ, ಆಲೂ, ಕುಂಬಳಕಾಯಿ ಪಲ್ಯ ಸುತ್ತಿ ಕೊಡುತ್ತಾರೆ. ಕುಂಬಳಕಾಯಿ ಸ್ವಲ್ಪ ಸಿಹಿ ಜಾಸ್ತಿ ಆಯಿತು. ಮೆಣಸಿನ ಸಾಸ್ ಬಗ್ಗೆ ಎಚ್ಚರ. ನಾವು ಖಾರ ತಿನ್ನುವವರು ಅನ್ನುವ ಜಂಬ ಬೇಡ, ಇಲ್ಲಿನ ಮೆಣಸಿನಕಾಯಿಯ ಜಾತಿಯೇ ಬೇರೆ. ‘ಸ್ಲೈಟ್ ಪೆಪ್ಪರ್’ ಅಂತ ಹೇಳಿ, ಸಾಕು.

ಆದರೆ ಒಂದು ಸಲಹೆ. ಟೂರ್ ಊಟಕ್ಕಿಂತ ಬೀದಿ ಬದಿಯ ಡಬಲ್ಸ್ ಚೆನ್ನ. ಎರಡು ಮೆತ್ತಗಿನ ಕರಿದ ‘ಬಾರಾ’, ನಡುವೆ ಕಡಲೆ ಗಸಿ, ಮೇಲೆ ಹುಣಸೆ ಚಟ್ನಿ, ಸೌತೆಕಾಯಿ, ಕಾಡು ಕೊತ್ತಂಬರಿಯ ಸಾಸ್. ಬೆಳಿಗ್ಗೆ ಆಫೀಸಿಗೆ ಹೋಗುವವರು ನಿಂತೇ ತಿಂದು ಹೋಗುತ್ತಾರೆ. ಪೇಪರಿನಲ್ಲಿ ಸುತ್ತಿ ಕೊಟ್ಟದ್ದನ್ನು ಮೈಮೇಲೆ ಚೆಲ್ಲದೆ ತಿನ್ನಲು ಅಭ್ಯಾಸ ಬೇಕು.

ಊಟದ ನಂತರ ಟೂರ್ ಸೊರಗಿತು. ಕ್ವೀನ್ಸ್ ಪಾರ್ಕ್ ಸವಾನಾ ಅಂತ ಸುಮಾರು 260 ಎಕರೆ ಬಯಲು, ಸುತ್ತ ವ್ಯಾನಿನಲ್ಲಿ ಒಂದು ಸುತ್ತು. 1817ರಲ್ಲಿ ಸರ್ಕಾರ ಪೆಷಿಯೆ ಎಂಬ ಕುಟುಂಬದಿಂದ ಕೊಂಡ ಕಬ್ಬಿನ ತೋಟ ಇದು. ಬಯಲಿನ ನಡುವೆ ಆ ಮನೆತನದ ಸ್ಮಶಾನ ಇನ್ನೂ ಇದೆ, ಗೋಡೆ ಕಟ್ಟಿಕೊಂಡು. ಪಶ್ಚಿಮದ ಅಂಚಿಗೆ ‘ಮ್ಯಾಗ್ನಿಫಿಸೆಂಟ್ ಸೆವೆನ್’ ಅನ್ನುವ ಏಳು ಕಟ್ಟಡಗಳ ಸಾಲು: ಗಡಿಯಾರ ಗೋಪುರದ ಕ್ವೀನ್ಸ್ ರಾಯಲ್ ಕಾಲೇಜು, ಆರ್ಚ್‌ಬಿಷಪ್ಪರ ಮನೆ, ಸ್ಕಾಟ್ಲೆಂಡಿನ ಕೋಟೆ ಹಾಗೆ ಕಾಣುವ ಒಂದು ಬಂಗಲೆ. ಎಲ್ಲ 1900ರ ದಶಕದ ಆಸುಪಾಸಿನವು. ಫೋಟೊಗೆ ಹತ್ತು ನಿಮಿಷ. ಬ್ರೋಷರಿನ ಮುಖಪುಟದಲ್ಲೂ ಇವೇ. ನನಗೆ ಗೋಡೆ, ಗೋಪುರಕ್ಕಿಂತ ಇದಕ್ಕೆಲ್ಲ ದುಡ್ಡು ಬಂದದ್ದೆಲ್ಲಿಂದ ಅನ್ನುವುದು ಬೇಕಿತ್ತು. ಗೈಡಮ್ಮನಿಗೆ ಗೊತ್ತಿತ್ತು, ಡ್ರೈವರ್ ಅವಸರ ಮಾಡುತ್ತಿದ್ದ, ಒಂದೇ ಮಾತಲ್ಲಿ ಹೇಳಿದರು: ಕೋಕೋ. ಆಗ ಟ್ರಿನಿಡಾಡ್ ಕೋಕೋಗೆ ಒಳ್ಳೇ ರೇಟಿತ್ತು. ನಮ್ಮನೆಯವಳ ತವರು ಪುತ್ತೂರು ಕಡೆ, ಅಡಿಕೆ ತೋಟದ ನಡುವೆ ಕೋಕೋ ಹಾಕುತ್ತಾರೆ. ‘ನಮ್ಮಣ್ಣನ ಕೋಕೋದಲ್ಲಿ ಹಟ್ಟಿಯ ಹಂಚು ಬದಲಾಯಿಸುವಷ್ಟೂ ಬರಲಿಲ್ಲ, ಇವರು ಅರಮನೆ ಕಟ್ಟಿದ್ದಾರೆ’ ಅಂದಳು. ಟ್ರಿನಿಟಾರಿಯೊ ಅಂತ ಲೋಕಪ್ರಸಿದ್ಧ ಕೋಕೋ ತಳಿಗೆ ಈ ದ್ವೀಪದ್ದೇ ಹೆಸರು.

ಆಮೇಲೆ ಕ್ವೀನ್ಸ್ ಪಾರ್ಕ್ ಓವಲ್. ಇದು ಟೂರ್ ಪಟ್ಟಿಯಲ್ಲಿರಲಿಲ್ಲ, ನಾನೇ ಹಟ ಹಿಡಿದೆ. ಗೇಟಿನ ಕಾವಲುಗಾರ ಒಳ್ಳೆಯವನು, ಭಾರತದವರು ಅಂದ ಕೂಡಲೇ ಒಳಗೆ ಬಿಟ್ಟ. ಗುಡ್ಡದ ಹಿನ್ನೆಲೆ, ಹಸಿರು ಮೈದಾನ. ಗೈಡಮ್ಮನಿಗೆ ಲಾರಾ ಬಿಟ್ಟರೆ ಕ್ರಿಕೆಟ್ಟಿನಲ್ಲಿ ಆಸಕ್ತಿ ಇಲ್ಲ, ಹಾಗಾಗಿ ಇಲ್ಲಿ ಅರ್ಧ ಗಂಟೆ ನಾನೇ ಗೈಡು. 1971ರ ಮಾರ್ಚಿನಲ್ಲಿ ಭಾರತ ವೆಸ್ಟ್ ಇಂಡೀಸನ್ನು ಟೆಸ್ಟ್‌ನಲ್ಲಿ ಮೊದಲ ಸಲ ಸೋಲಿಸಿದ್ದು ಇಲ್ಲೇ, ಗಾವಸ್ಕರ್‌ಗೆ ಮೊದಲ ಟೆಸ್ಟು, ತಂಡದಲ್ಲಿ ನಮ್ಮ ಪ್ರಸನ್ನ. 1976ರ ಏಪ್ರಿಲ್‌ದು ಇನ್ನೂ ದೊಡ್ಡದು. ಆ ಪಂದ್ಯ ಗಯಾನಾದಲ್ಲಿ ನಡೆಯಬೇಕಿತ್ತು, ಅಲ್ಲಿ ಮಳೆ ಅಂತ ಇಲ್ಲಿಗೆ ಬಂತು. ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ ಆರು ವಿಕೆಟ್. ಕೊನೆಯಲ್ಲಿ ಗೆಲ್ಲಲು 403. ಯಾರೂ ನಂಬಲಿಲ್ಲ. ಗಾವಸ್ಕರ್ 102, ಮೊಹಿಂದರ್ 85, ನಮ್ಮ ವಿಶಿ, ಅಂದರೆ ವಿಶ್ವನಾಥ್, 112, ಬ್ರಿಜೇಶ್ ಪಟೇಲ್ ಔಟಾಗದೆ 49. ನಾಲ್ಕೇ ವಿಕೆಟ್ಟಿಗೆ 406. ಟೆಸ್ಟ್‌ನಲ್ಲಿ ಬೆನ್ನಟ್ಟಿ ಗೆದ್ದ ಮೊತ್ತಕ್ಕೆ 2003ರವರೆಗೆ ಅದೇ ಲೋಕದ ದಾಖಲೆ. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಪೇಪರಿನಲ್ಲಿ ಬಂದ ಸ್ಕೋರ್ ಪಟ್ಟಿ ಕತ್ತರಿಸಿ ಇಟ್ಟುಕೊಂಡಿದ್ದೆ. ಕಾವಲುಗಾರನಿಗೆ ವಿಶ್ವನಾಥ್ ಹೆಸರು ಗೊತ್ತಿತ್ತು ಮಾರಾಯ್ರೇ! ‘ಚಿಕ್ಕ ಆಳು, ಕಟ್ ಹೊಡೆಯುತ್ತಿದ್ದವರು’ ಅಂದ. ಕನ್ನಡಿಗರು ಯಾರೇ ಬಂದರೂ ಇದನ್ನು ಪಟ್ಟಿಗೆ ಸೇರಿಸಿ ಅಂತ ಮೊದಲೇ ಹೇಳಿ. ಎದುರಿಗೇ ಟ್ರಾಗರೀಟ್ ರಸ್ತೆಯಲ್ಲಿ ಇನ್ವೇಡರ್ಸ್ ಸ್ಟೀಲ್‌ಬ್ಯಾಂಡಿನ ಹೆಸರು ಕೂಡ ಕಾಣುತ್ತದೆ.

ಈಗ ದೊಡ್ಡ ದೂರು. ಬುಕ್ ಮಾಡುವಾಗ ಕೊಟ್ಟ ಪಟ್ಟಿಯಲ್ಲಿ ಕೊನೆಯ ತಾಣ ಫೋರ್ಟ್ ಜಾರ್ಜ್. ಊರಿನ ಪಶ್ಚಿಮದ ಗುಡ್ಡದ ಮೇಲೆ, ಸಾವಿರ ಅಡಿಗೂ ಎತ್ತರ. ನಾಲ್ಕು ಗಂಟೆಗೆ ಡ್ರೈವರ್ ‘ಟೈಮಿಲ್ಲ, ಟ್ರಾಫಿಕ್ ಶುರುವಾಗುತ್ತದೆ’ ಅಂದ. ಬೆಳಿಗ್ಗೆ ತಡ ಮಾಡಿದ್ದು ಅವರು, ಸಂಜೆ ಕತ್ತರಿ ಬಿದ್ದದ್ದು ನಮಗೆ. ಆಫೀಸಿಗೆ ಫೋನ್ ಮಾಡಿದರೆ ‘ಮುಂದಿನ ಸಲ ರಿಯಾಯಿತಿ ಕೊಡುತ್ತೇವೆ’ ಅಂದರು. ಮಂಗಳೂರಿನಿಂದ ಮುಂದಿನ ಸಲ ಯಾವಾಗ ಬರುವುದು?

ಭಾನುವಾರ ಮಗನೇ ಕರೆದುಕೊಂಡು ಹೋದ. ಬ್ರಿಟಿಷರು 1804ರಲ್ಲಿ ಕಟ್ಟಿದ ಕೋಟೆ, ಒಂದು ಗುಂಡೂ ಯುದ್ಧಕ್ಕೆ ಹಾರಿಲ್ಲ. ಮೇಲೆ ಮರದ ಪುಟ್ಟ ಸಿಗ್ನಲ್ ಮನೆ ಇದೆ, 1883ರದ್ದು. ಬರುವ ಹಡಗುಗಳನ್ನು ನೋಡಿ ಇಲ್ಲಿಂದ ಊರಿಗೆ ಸಂಕೇತ ಕೊಡುತ್ತಿದ್ದರು. ಅದನ್ನು ವಿನ್ಯಾಸ ಮಾಡಿದ್ದು ಪಶ್ಚಿಮ ಆಫ್ರಿಕಾದ ಅಶಾಂತಿ ರಾಜನ ಮಗ, ಕೊಫಿ ನ್ಟಿ. ಬ್ರಿಟಿಷರು ಅಲ್ಲಿಂದ ಕರೆತಂದು ಇಲ್ಲಿ ಬಿಟ್ಟ ರಾಜಕುಮಾರ ಲೋಕೋಪಯೋಗಿ ಇಲಾಖೆಯ ಕೆಲಸ ಮಾಡಿದ. ನಮ್ಮ ಇಲಾಖೆಯ ಪೂರ್ವಿಕರಲ್ಲಿ ಒಬ್ಬ ಅಂತ ಕೈಮುಗಿದೆ.

ಅಲ್ಲಿಂದ ಇಡೀ ಊರು ನಕ್ಷೆ ಹಾಕಿದ ಹಾಗೆ ಕಾಣುತ್ತದೆ. ತುಂಬಿಸಿದ ನೆಲದ ನೇರ ಅಂಚು ಎಲ್ಲಿ, ಹಳೇ ದಂಡೆಯ ಬಾಗು ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ಕೊಲ್ಲಿಯಲ್ಲಿ ಲಂಗರು ಹಾಕಿದ ಹಡಗುಗಳು, ಮೋಡವಿಲ್ಲದಿದ್ದರೆ ವೆನೆಜುವೆಲಾದ ಬೆಟ್ಟ. ಕೆಳಗೆ ಐದು ಸಣ್ಣ ದ್ವೀಪಗಳು. ಅದರಲ್ಲಿ ಒಂದು ನೆಲ್ಸನ್ ದ್ವೀಪ. ಹಡಗಿನಿಂದ ಇಳಿದ ಭಾರತದ ಕೂಲಿಗಳನ್ನು ಮೊದಲು ಇಟ್ಟು, ಆರೋಗ್ಯ ನೋಡಿ, ತೋಟಗಳಿಗೆ ಹಂಚುತ್ತಿದ್ದದ್ದು ಅಲ್ಲಿ. ಎರಡನೇ ಮಹಾಯುದ್ಧದಲ್ಲಿ ಕಾರ್ಮಿಕ ನಾಯಕ ಬಟ್ಲರ್ ಅವರನ್ನು ಬಂಧಿಸಿಟ್ಟದ್ದೂ ಅಲ್ಲೇ. ಭಾರತದಿಂದ ಬಂದವರಿಗೆ ಟೂರ್ ಮಾರುವವರು ಏಳು ಬಂಗಲೆಗಳ ಬದಲು ಆ ದ್ವೀಪಕ್ಕೆ ದೋಣಿ ಹಾಕಬೇಕಿತ್ತು. ಇದನ್ನು ಕಂಪನಿಗೂ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಒಟ್ಟು ಐದಕ್ಕೆ ಮೂರೂವರೆ. ಅದರಲ್ಲಿ ಮೂರು ಗೈಡಮ್ಮನದು, ಅರ್ಧ ದಾಲ್‌ಪುರಿಯದು. ನೀವು ತಗೊಳ್ಳುವುದಾದರೆ ಅರ್ಧ ದಿನದ ನಡಿಗೆಯನ್ನು ಮಾತ್ರ ತಗೊಳ್ಳಿ. ಫೋರ್ಟ್ ಜಾರ್ಜ್‌ಗೆ ಬೆಳಿಗ್ಗೆ ಮೊದಲೇ ಕರೆದುಕೊಂಡು ಹೋಗಿ ಅಂತ ಬರವಣಿಗೆಯಲ್ಲಿ ಕೇಳಿ, ಮೇಲಿಂದ ನೋಡಿದ ಮೇಲೆ ಸೌತ್ ಕೀಯಲ್ಲಿ ನಡೆದರೆ ಎಲ್ಲ ಅರ್ಥವಾಗುತ್ತದೆ. ಜನವರಿಯಿಂದ ಮೇ ಒಳಗೆ ಬನ್ನಿ, ಮಳೆ ಕಡಿಮೆ. ಕಾರ್ನಿವಲ್ ವಾರದಲ್ಲಿ ಮಾತ್ರ ಬೇಡ, ಬೀದಿಗಳೆಲ್ಲ ಬಂದ್. ಡೌನ್‌ಟೌನಿನಲ್ಲಿ ಕತ್ತಲಾದ ಮೇಲೆ ಸುತ್ತಬೇಡಿ, ಚಿನ್ನದ ಸರ ಮನೆಯಲ್ಲೇ ಇರಲಿ. ಗೈಡಿಗೆ ಟಿಪ್ಸ್ ಕೊಡುವುದಿದ್ದರೆ ಕೈಗೇ ಕೊಡಿ. ಇಲ್ಲಿನ ದುಡ್ಡು ಟಿಟಿ ಡಾಲರ್, ಅದರ ಚಿಲ್ಲರೆ ಜೇಬಲ್ಲಿರಲಿ, ಡಬಲ್ಸ್ ಮಾರುವವರು ಕಾರ್ಡ್ ತಗೊಳ್ಳುವುದಿಲ್ಲ.